ದೀಪಕ್ಕೆ ಅಡ್ಡ ಹಿಡಿದ ಕೈ

ಮೈಸೂರಿಗೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿ. ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ, ಕನ್ನಂಬಾಡಿ ಎಂದು ಬೆರಳು ಮಡಿಸುತ್ತಾರೆ. ಐದನೆಯ ಬೆರಳಿಗೆ ಜಗನ್ಮೋಹನ ಅರಮನೆ ಬಂತೆಂದರೆ ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: "ಅಲ್ಲಿ ದೀಪ ಹಿಡಕೊಂಡಿರೋ ಹೆಂಗಸಿನ ಚಿತ್ರ ಇದೆಯಲ್ಲ, ರವಿವರ್ಮನದು, ಅದನ್ನ ನೋಡಿದಿರಾ?" ನಾನೂ ಬಹಳ ಕಾಲ ಈ ಮಾತನ್ನು ಹೀಗೆಯೇ ಹೇಳುತ್ತಿದ್ದೆ. ಹೇಳಿದ್ದಷ್ಟೇ ಅಲ್ಲ, ಬರೆದೂ ಇದ್ದೆ. ಬರೆದದ್ದಕ್ಕೆ ಹತ್ತಕ್ಕೆ ಮೂರು ಅಂಕ ತೆಗೆದುಕೊಂಡೂ ಇದ್ದೆ. ಆ ಮೂರು ಅಂಕದ ಕಥೆಯನ್ನೇ ಈಗ ಹೇಳಹೊರಟಿರುವುದು.

1984ರಲ್ಲಿ ನಾನು ಎರಡನೆಯ ವರ್ಷದ ಬಿ.ಎ. ಓದುತ್ತಿದ್ದೆ. ಅರಸೀಕೆರೆಯ ಕಡೆಯ ಹಳ್ಳಿಯಿಂದ ಬಂದು ಊರಿನ ಹಾಸ್ಟೆಲಿನಲ್ಲಿದ್ದವಳಿಗೆ ಮೈಸೂರು ಪ್ರವಾಸವೆಂದರೆ ವಾರದ ಮುಂಚೆಯೇ ನಿದ್ದೆ ಬರುತ್ತಿರಲಿಲ್ಲ. ಇತಿಹಾಸದ ಮೇಡಂ ಮಾತ್ರ ನಮ್ಮ ಸಡಗರಕ್ಕೆ ಸಣ್ಣದೊಂದು ಮುಳ್ಳು ಚುಚ್ಚಿದ್ದರು. "ಜಗನ್ಮೋಹನ ಅರಮನೆಯಲ್ಲಿ ಯಾವುದಾದರೂ ಒಂದೇ ಚಿತ್ರದ ಮುಂದೆ ಕಾಲು ಗಂಟೆ ನಿಲ್ಲಬೇಕು. ಬಂದಮೇಲೆ ಎರಡು ಪುಟ ಬರೆದು ಕೊಡಬೇಕು. ಯಾರೋ ಹೇಳಿದ್ದಲ್ಲ, ನೀವು ನೋಡಿದ್ದನ್ನು" ಎಂದಿದ್ದರು. ಒಂದೇ ಚಿತ್ರಕ್ಕೆ ಕಾಲು ಗಂಟೆಯೇ! ಬಸ್ಸಿನಲ್ಲಿ ನಾವು ನಕ್ಕದ್ದೇ ನಕ್ಕದ್ದು.

ಆ ಕಟ್ಟಡದ ಕಥೆಯನ್ನು ಮೇಡಂ ದಾರಿಯಲ್ಲಿಯೇ ಹೇಳಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ್ದು. 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಈಗ ನಾವೆಲ್ಲ ನೋಡುವ ದೊಡ್ಡ ಅರಮನೆ 1912ರಲ್ಲಿ ಮುಗಿಯುವವರೆಗೂ ರಾಜರ ಸಂಸಾರ ಜಗನ್ಮೋಹನದಲ್ಲೇ ಇತ್ತು. 1915ರಲ್ಲಿ ಅದು ಚಿತ್ರಶಾಲೆಯಾಯಿತು. ಆಮೇಲೆ ಅದಕ್ಕೆ ಜಯಚಾಮರಾಜೇಂದ್ರ ಒಡೆಯರ ಹೆಸರು ಬಂತು. ಒಂದು ಮದುವೆ ಮನೆಯ ಬೆಂಕಿಯಿಂದ ಸಂಸಾರ ಹೂಡಿದ ಮನೆಯಲ್ಲಿ, ದೀಪ ಹಿಡಿದ ಹೆಣ್ಣೊಬ್ಬಳ ಚಿತ್ರವೇ ಹೆಚ್ಚು ಹೆಸರು ಮಾಡಿತಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅಂಥದ್ದೆಲ್ಲ ಹೊಳೆಯುವ ವಯಸ್ಸಲ್ಲ.

ಒಳಗೆ ಹೋದವರು ಮೊದಲು ಮುತ್ತಿದ್ದು ಫ್ರೆಂಚ್ ಗಡಿಯಾರವನ್ನು. ಅದರೊಳಗಿನ ಪುಟಾಣಿ ಸಿಪಾಯಿಗಳು ಸಮಯಕ್ಕೆ ಸರಿಯಾಗಿ ತಮಟೆ ಬಡಿಯುವುದನ್ನು ನೋಡಲು ನೂಕುನುಗ್ಗಲು. ಆಮೇಲೆ ಅಕ್ಕಿಕಾಳಿನ ಮೇಲೆ ಬರೆದ ಚಿತ್ರ. ಭೂತಗನ್ನಡಿಯಲ್ಲಿ ಒಂದು ಕಣ್ಣು ಮುಚ್ಚಿ ಇಣುಕಿದ್ದಾಯಿತು. ಕಾಲು ಗಂಟೆಯ ಕೆಲಸ ಮರೆತೇ ಹೋಗಿತ್ತು. ಕೊನೆಗೆ ಕತ್ತಲೆ ಮಾಡಿದ್ದ ಕೋಣೆಯೊಂದರ ಮುಂದೆ ಜನ ಸೇರಿದ್ದು ಕಂಡು ನಾವೂ ತೂರಿಕೊಂಡೆವು.

ಕತ್ತಲಲ್ಲಿ ಒಬ್ಬಳು ನಿಂತಿದ್ದಳು. ಒಂದು ಕೈಯಲ್ಲಿ ದೀಪ. ಇನ್ನೊಂದು ಕೈಯನ್ನು ಉರಿಗೆ ಅಡ್ಡ ಹಿಡಿದಿದ್ದಾಳೆ. ಬೆಳಕು ಬೆರಳ ಸಂದಿಯಿಂದ ಹಾಯ್ದು ಮುಖಕ್ಕೆ, ಸೀರೆಯ ನೆರಿಗೆಗೆ ಬಿದ್ದಿದೆ. ಬೆರಳುಗಳೇ ಒಳಗಿನಿಂದ ಹೊತ್ತಿಕೊಂಡ ಹಾಗೆ ಕೆಂಪಗಿವೆ. "ದೀಪ ಚಿತ್ರದೊಳಗೆ ನಿಜವಾಗಿ ಉರಿಯುತ್ತಿದೆಯೇನೋ" ಎಂದು ಪಕ್ಕದ ಹುಡುಗಿ ಪಿಸುಗುಟ್ಟಿದಳು. ಗುಂಪಿನಲ್ಲಿದ್ದ ಯಾರೋ ಹಿರಿಯರು ಗಟ್ಟಿಯಾಗಿ, "ರವಿವರ್ಮ ಅಂದ್ರೆ ಸುಮ್ನೆ ಅಲ್ಲ" ಎಂದರು. ಎಲ್ಲರೂ ತಲೆದೂಗಿದೆವು. ಚೌಕಟ್ಟಿನ ಬಳಿ ಬೇರೆ ಹೆಸರು ಬರೆದಿತ್ತೋ ಏನೋ, ನೋಡುವ ಗೋಜಿಗೆ ನಾನು ಹೋಗಲಿಲ್ಲ. ಹೆಸರು ಕಿವಿಗೆ ಬಿದ್ದಾಗಿತ್ತಲ್ಲ, ಕಣ್ಣಿಗೇನು ಕೆಲಸ? ಎರಡು ನಿಮಿಷವೂ ನಿಲ್ಲದೆ ಹೊರಗೆ ಬಂದು, ದೇವರಾಜ ಮಾರುಕಟ್ಟೆಯ ಕಡೆ ಓಡಿದೆವು.

ಊರಿಗೆ ಬಂದು ಎರಡು ಪುಟ ಬರೆದೆ. ರವಿವರ್ಮನ ಕುಂಚದ ಮಾಯೆ, ಭಾರತೀಯ ನಾರಿಯ ಸೌಂದರ್ಯ, ಲಜ್ಜೆ, ತ್ಯಾಗ, ಮನೆಯ ಜ್ಯೋತಿ ಎಂದು ಕಂಡ ಕಂಡ ಶಬ್ದಗಳನ್ನೆಲ್ಲ ತುಂಬಿದೆ. ಮೇಡಂ ಅದರ ಕೆಳಗೆ ಮೂರು ಅಂಕ ಹಾಕಿ, ಕೆಂಪು ಶಾಯಿಯಲ್ಲಿ ಎರಡೇ ಸಾಲು ಬರೆದಿದ್ದರು: "ಚಿತ್ರಕಾರನ ಹೆಸರು ತಪ್ಪು. ಅವಳ ಇನ್ನೊಂದು ಕೈ ಏನು ಮಾಡುತ್ತಿತ್ತು?"

ನನಗೆ ಅಳು ಬಂತು. ಹೆಸರು ತಪ್ಪಾದದ್ದಕ್ಕಲ್ಲ, ಎರಡನೆಯ ಸಾಲು ಅರ್ಥವಾಗದೆ ಹೋದದ್ದಕ್ಕೆ.

ಮೊದಲು ಹೆಸರಿನ ವಿಷಯ ಮುಗಿಸಿಬಿಡುತ್ತೇನೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ದೀಪದ ಹೆಣ್ಣಿನ ಚಿತ್ರ ಬರೆದದ್ದು 1945-46ರಲ್ಲಿ. ನಡುವೆ ನಾಲ್ಕು ದಶಕ ಕಳೆದಿವೆ. ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್. 1882ರಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, 1908ರಲ್ಲಿ ಅದೇ ಊರಿನಲ್ಲಿ ತಮ್ಮದೇ ಚಿತ್ರಶಾಲೆ ತೆರೆದವರು. 1968ರವರೆಗೆ ಬದುಕಿದ್ದರು. ಇಷ್ಟು ಸ್ಪಷ್ಟವಾದ ಸಂಗತಿ ನಮ್ಮ ಬಾಯಲ್ಲಿ ಯಾಕೆ ತಿರುಚಿಕೊಂಡಿತು?

ಕಾರಣ ನಮ್ಮ ನಮ್ಮ ದೇವರ ಮನೆಯಲ್ಲೇ ಇದೆ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಚಿತ್ರ ಅಚ್ಚುಹಾಕುವ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ ಸರಸ್ವತಿಯರು ಸೀರೆಯುಟ್ಟು ಮನೆಮನೆಯ ಗೋಡೆಗೆ ಬಂದರು. ಅಲ್ಲಿಂದ ಮುಂದೆ ಮೈತುಂಬ ಸೀರೆಯುಟ್ಟ, ಕಣ್ಣಿಗೆ ನಿಜವಾಗಿ ಕಾಣುವ ಹೆಣ್ಣಿನ ಚಿತ್ರ ಯಾವುದೇ ಇರಲಿ, ನಮಗದು ರವಿವರ್ಮನದೇ. ಎಲ್ಲ ವನಸ್ಪತಿಯನ್ನೂ ಡಾಲ್ಡಾ ಎನ್ನುತ್ತಿದ್ದೆವಲ್ಲ, ಹಾಗೆ. ನಮ್ಮ ಸೋದರತ್ತೆಯ ಮನೆಯ ನಡುಮನೆಯಲ್ಲಿ ಇದೇ ದೀಪದ ಹೆಂಗಸಿನ ಕ್ಯಾಲೆಂಡರ್ ಇತ್ತು. ತಿಂಗಳ ಹಾಳೆಗಳೆಲ್ಲ ಹರಿದುಹೋದ ಮೇಲೂ ಚಿತ್ರವನ್ನು ಮಾತ್ರ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದರು. ಅತ್ತೆಗೆ ಅವಳು ರವಿವರ್ಮನ ಲಕ್ಷ್ಮಿಯ ತಂಗಿ.

ಇದು ರವಿವರ್ಮನನ್ನು ಸಣ್ಣದು ಮಾಡುವ ಮಾತಲ್ಲ. ಅದೇ ಚಿತ್ರಶಾಲೆಯಲ್ಲಿ ಅವನ 1889ರ ದೊಡ್ಡ ಚಿತ್ರವೊಂದಿದೆ, ಹಾಡುಗಾರ್ತಿಯರ ಮೇಳದ್ದು. ಹತ್ತು ಹನ್ನೊಂದು ಹೆಣ್ಣುಮಕ್ಕಳು ಒಂದೇ ಕಡೆ ಕಲೆತಿದ್ದಾರೆ. ವೀಣೆ ಹಿಡಿದ ಮಲಯಾಳದವಳು, ಮರಾಠಿ ಸೀರೆಯವಳು, ಮುಸಲ್ಮಾನ ಹೆಣ್ಣು, ಪಾರ್ಸಿ ಹೆಣ್ಣು. ಬಟ್ಟೆ, ಒಡವೆ, ವಾದ್ಯ ಒಂದೊಂದೂ ಕಣ್ಣಿಗೆ ಹಬ್ಬ. ಆದರೆ ಮುಂದೆ ಎಷ್ಟೋ ಸಲ ನೋಡಿದ ಮೇಲೆ ನನಗೆ ಅನ್ನಿಸಿದ್ದು, ಅಷ್ಟು ಜನ ಒಟ್ಟಿಗೆ ಕೂತರೂ ಅಲ್ಲೊಂದು ಮಾತಿಲ್ಲ. ಹೆಂಗಸರು ನಾಲ್ಕು ಜನ ಸೇರಿದರೆ ಒಬ್ಬರ ಕಿವಿಗೆ ಇನ್ನೊಬ್ಬರ ಬಾಯಿ ಹತ್ತಿರ ಬಂದೇ ಬರುತ್ತದೆ. ಇವರು ಮಾತ್ರ ದಸರೆಯಲ್ಲಿ ಗೊಂಬೆ ಕೂರಿಸಿದ ಹಾಗೆ, ತಂತಮ್ಮ ನಾಡಿನ ಗುರುತು ಹೊತ್ತು ಕೂತಿದ್ದಾರೆ. ಒಬ್ಬಿಬ್ಬರ ಮುಖದಲ್ಲಿ ದಣಿವೂ ಕಾಣುತ್ತದೆ. ಯಾರ ಮುಂದೆ ಹಾಡಲು ಕರೆತಂದರೋ, ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೋ! ಆ ದಣಿವನ್ನು ಕಂಡು ಬರೆದದ್ದು ರವಿವರ್ಮನ ದೊಡ್ಡತನ. ಆದರೆ ಅವರು ಯಾರು ಎಂದು ನಾವ್ಯಾರೂ ಕೇಳಲಿಲ್ಲ.

ಇನ್ನು ಮೇಡಂ ಕೇಳಿದ ಕೈಯ ವಿಷಯ.

ಆ ವರ್ಷದ ದಸರೆ ರಜೆಗೆ ಊರಿಗೆ ಹೋಗಿದ್ದೆ. ಸಂಜೆ ಕರೆಂಟು ಹೋಯಿತು. ನಮ್ಮೂರಿನಲ್ಲಿ ಅದು ಬರುವುದೇ ಹೋಗಲಿಕ್ಕೆ. ಕೊಟ್ಟಿಗೆಯಲ್ಲಿ ಹಸು ಕರು ಹಾಕುವುದರಲ್ಲಿತ್ತು. ಅಮ್ಮ ಅಡಿಗೆಮನೆಯಿಂದ ಸೀಮೆಣ್ಣೆ ಬುಡ್ಡಿ ಹಚ್ಚಿಕೊಂಡು ಹಿತ್ತಿಲ ಬಾಗಿಲು ದಾಟಿದಳು. ಹೊರಗೆ ಮಳೆಗಾಳಿ. ಅವಳ ಎಡಗೈ ತಾನಾಗಿಯೇ ಎದ್ದು ಉರಿಗೆ ಅಡ್ಡ ಬಂತು. ನಾನು ಜಗುಲಿಯ ಮೇಲೆ ಕೂತವಳು ಕೂತಲ್ಲೇ ಇದ್ದೆ. ಗಾಳಿ ಬೀಸಿದ ಕಡೆಗೆಲ್ಲ ಆ ಕೈ ತಿರುಗುತ್ತಿತ್ತು. ಅವಳು ದೀಪವನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಕೊಟ್ಟಿಗೆಯ ಕಡೆಗೆ, ಕಿವಿ ಹಸುವಿನ ಕಡೆಗೆ, ಕಾಲು ಕೆಸರಿನಲ್ಲಿ ಕಲ್ಲು ಹುಡುಕುತ್ತಿತ್ತು. ಕೈ ಮಾತ್ರ ದೀಪದ ಕಾವಲು. ಬೆರಳ ಸಂದಿಯಲ್ಲಿ ಅದೇ ಕೆಂಪು.

ಎಷ್ಟು ವರ್ಷ ನೋಡಿದ್ದೆ ಅದನ್ನು! ನೋಡಿದ್ದೆ ಎಂಬುದೇ ಗೊತ್ತಿರಲಿಲ್ಲ. ಮೈಸೂರಿನ ಕತ್ತಲ ಕೋಣೆಯಲ್ಲಿ ನಾನು ಹೊಗಳಿ ಬರೆದದ್ದು ಮುಖವನ್ನು, ಸೀರೆಯನ್ನು, ಲಜ್ಜೆಯನ್ನು. ಅಲ್ಲಿ ಲಜ್ಜೆಯ ಮಾತೇ ಇಲ್ಲ. ಅವಳು ಒಂದು ಕೆಲಸದಲ್ಲಿದ್ದಾಳೆ. ದೀಪ ಆರಬಾರದು, ಅಷ್ಟೇ ಅವಳ ಚಿಂತೆ. ನೋಡುವವರು ಮೆಚ್ಚುವ ಬೆಳಕೆಲ್ಲ ಆ ಕೆಲಸದ ಕೈಯನ್ನು ಹಾಯ್ದು ಬಂದದ್ದು. ಕೈ ತೆಗೆದುಬಿಟ್ಟರೆ ಉರಿ ಕಣ್ಣಿಗೆ ರಾಚುತ್ತದೆ, ಮುಖ ಕಾಣುವುದಿಲ್ಲ. ಇಲ್ಲವೆ ಗಾಳಿಗೆ ಆರಿ, ಏನೂ ಕಾಣುವುದಿಲ್ಲ. ಇಡೀ ಚಿತ್ರ ನಿಂತಿರುವುದು ಆ ಕೈಯ ಮೇಲೆ.

ಇದು ತಿಳಿದ ಮೇಲೆ ಚಿತ್ರದ ಇನ್ನೊಂದು ಗುಟ್ಟೂ ತಿಳಿಯಿತು. ಅದು ಎಣ್ಣೆಬಣ್ಣದ್ದಲ್ಲ, ನೀರುಬಣ್ಣದ್ದು. ಎಣ್ಣೆಬಣ್ಣದಲ್ಲಿ ತಪ್ಪಿದರೆ ಕೆರೆದು ಹಾಕಬಹುದು, ಒಣಗಿದ ಮೇಲೆ ಮತ್ತೊಂದು ಪದರ ಹಚ್ಚಬಹುದು, ಕಪ್ಪಿನ ಮೇಲೆ ಬಿಳಿ ಇಡಬಹುದು. ನೀರುಬಣ್ಣದಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ಬೆಳಕು ಎಂದರೆ ಕಾಗದದ ಸ್ವಂತ ಬಿಳುಪು. ಎಲ್ಲಿ ಬೆಳಕು ಬೇಕೋ ಅಲ್ಲಿ ಕುಂಚ ಮುಟ್ಟಿಸದೆ, ಅಥವಾ ತೆಳ್ಳಗೆ ಮುಟ್ಟಿಸಿ, ಬಿಟ್ಟುಬಿಡಬೇಕು. ಸುತ್ತಲಿನ ಕತ್ತಲನ್ನು ಮಾತ್ರ ತುಂಬುತ್ತ ಬರಬೇಕು. ಒಮ್ಮೆ ಕೈ ಜಾರಿ ಗಾಢ ಬಣ್ಣ ಹರಿದರೆ ಆ ಬಿಳುಪು ಮತ್ತೆ ಸಿಕ್ಕುವುದು ಕಷ್ಟ. ಬೆಳಗ್ಗೆ ಸಾರಿಸಿದ ಅಂಗಳದಲ್ಲಿ ಎಳೆ ರಂಗೋಲಿ ಹಾಕುವವರಿಗೆ ಈ ಭಯ ಬಿಡಿಸಿ ಹೇಳಬೇಕಿಲ್ಲ. ಎಳೆ ತಪ್ಪಿದರೆ ಅಳಿಸಿದ ಗುರುತು ಉಳಿದೇ ಉಳಿಯುತ್ತದೆ. ಹಲ್ದಣಕರ್ ಆ ಹೆಣ್ಣಿನ ಕೈಗೆ ದೀಪ ಕೊಟ್ಟದ್ದೂ ಹೌದು, ತಾವೂ ಕುಂಚ ಹಿಡಿದು ಅವಳ ಹಾಗೆಯೇ ಬೆಳಕನ್ನು ಕಾಪಾಡಿದ್ದೂ ಹೌದು.

ಕತ್ತಲ ಕೋಣೆಯನ್ನು ನಾವು ಒಂದು ಚಮತ್ಕಾರವೆಂದುಕೊಂಡಿದ್ದೆವು. ಅದಕ್ಕೆ ಇನ್ನೊಂದು ಅರ್ಥವೂ ಇದೆ. ನೀರುಬಣ್ಣ ಬೆಳಕಿಗೆ ಮಾಸುತ್ತದೆ. ಬಿಸಿಲಿನಲ್ಲಿ ಒಣಹಾಕಿದ ಬಣ್ಣದ ಸೀರೆಯಂತೆ, ವರ್ಷ ಕಳೆದಂತೆ ಸಪ್ಪಗಾಗುತ್ತದೆ. ಬೆಳಕನ್ನೇ ಬರೆದ ಚಿತ್ರ ಉಳಿಯಬೇಕಾದರೆ ಅದನ್ನು ಬೆಳಕಿನಿಂದಲೇ ಮರೆಮಾಡಬೇಕು! ಅಲ್ಲಿಯೂ ಒಂದು ಅಡ್ಡಗೈ ಬೇಕಾಯಿತು.

ಚಿತ್ರಕಲೆ ಬಲ್ಲ ಕೆಲವರು ಈ ಚಿತ್ರದ ಮಾತೆತ್ತಿದರೆ ಸಣ್ಣಗೆ ನಗುತ್ತಾರೆ. "ಅದು ಕಸುಬುಗಾರಿಕೆ, ಕಲೆಯಲ್ಲ. ಜನ ಬೆರಗಾಗಲಿ ಎಂದು ಮಾಡಿದ್ದು" ಎನ್ನುತ್ತಾರೆ. ಕಸುಬುಗಾರಿಕೆ ಎಂಬುದು ಬೈಗುಳ ಹೇಗಾಯಿತೋ ನನಗೆ ತಿಳಿಯದು. ಹೋಳಿಗೆ ಹರಿಯದಂತೆ ಲಟ್ಟಿಸುವುದೂ, ಹದಿನೆಂಟು ಮೊಳದ ಸೀರೆಯ ನೆರಿಗೆ ಕೆಡದಂತೆ ಇಡೀ ದಿನ ಕೆಲಸ ಮಾಡುವುದೂ ಕಸುಬೇ. ಅದನ್ನು ಕಡಿಮೆ ಎನ್ನುವವರು ಒಂದು ದಿನ ಒಲೆಯ ಮುಂದೆ ನಿಂತು ನೋಡಬೇಕು. ಆದರೆ ಅವರ ಮಾತಿನಲ್ಲಿ ಒಂದು ನಿಜವಿದೆ, ಅದನ್ನು ಮುಚ್ಚಿಡಬಾರದು. ಈ ಚಿತ್ರದಲ್ಲಿ ಹೊಗೆಯಿಲ್ಲ, ಮಸಿಯಿಲ್ಲ. ನನ್ನ ಅಮ್ಮನ ಎಡಗೈಯ ಬೆರಳುಗಳ ಒಳಬದಿ ಬುಡ್ಡಿಯ ಶಾಖಕ್ಕೆ ಒರಟಾಗಿತ್ತು. ಚಿಮಣಿ ಒರೆಸಿ ಒರೆಸಿ ಉಗುರ ಸಂದಿಯ ಕಪ್ಪು ಹಬ್ಬದ ದಿನವೂ ಹೋಗುತ್ತಿರಲಿಲ್ಲ. ಹಲ್ದಣಕರ್ ಅವರ ಹೆಣ್ಣಿನ ಬೆರಳು ಮಾತ್ರ ಹೂವಿನ ಎಸಳು. ಗಾಳಿಯೂ ಅಲ್ಲಿ ಕಾಣದು, ಸೆರಗು ಅಲುಗುತ್ತಿಲ್ಲ. ಗಾಳಿಯಿಲ್ಲದ ಕಡೆ ಅಡ್ಡಗೈ ಯಾಕೆ ಎಂದು ಕೇಳಿದರೆ ಚಿತ್ರದ ಬಳಿ ಉತ್ತರವಿಲ್ಲ. ಚೆಲುವಿಗಾಗಿ ಬದುಕಿನಿಂದ ಅಷ್ಟನ್ನು ಒರೆಸಿಹಾಕಿದ್ದಾರೆ. ಅದಕ್ಕೇ ಅದು ಕ್ಯಾಲೆಂಡರಿಗೆ ಅಷ್ಟು ಸುಲಭವಾಗಿ ಒಗ್ಗಿತು.

ಅದರ ಇಂಗ್ಲಿಷ್ ಹೆಸರು 'ಗ್ಲೋ ಆಫ್ ಹೋಪ್'. ಕನ್ನಡದಲ್ಲಿ ಆಸೆಯ ಬೆಳಕು ಎನ್ನಬಹುದು. ಜನ ಆ ಹೆಸರನ್ನು ಒಪ್ಪಿದಂತೆ ಕಾಣುವುದಿಲ್ಲ. ಎಲ್ಲರ ಬಾಯಲ್ಲೂ ಅವಳು 'ದೀಪದ ಹೆಂಗಸು' ಅಷ್ಟೆ. ನನಗೂ ಅದೇ ಸರಿ ಎನಿಸುತ್ತದೆ. ಆಸೆ, ಭರವಸೆ, ತ್ಯಾಗ ಎಂದು ದೊಡ್ಡ ಹೆಸರಿಟ್ಟ ಕೂಡಲೇ ಎದುರಿಗೆ ನಿಂತ ಹೆಣ್ಣು ಮಾಯವಾಗಿಬಿಡುತ್ತಾಳೆ. ನನ್ನ ಎರಡು ಪುಟದಲ್ಲಿ ಆದದ್ದೂ ಅದೇ.

ಅವಳು ಯಾರು? ಇದನ್ನು ನಾನು ತಿಳಿದದ್ದು ಬಹಳ ತಡವಾಗಿ, 2018ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಪತ್ರಿಕೆಯ ಒಳಪುಟದಲ್ಲಿ ಒಂದು ಸುದ್ದಿ ಬಂತು. ಕೊಲ್ಹಾಪುರದಲ್ಲಿ ಗೀತಾ ಉಪಳೇಕರ್ ಎಂಬ ಅಜ್ಜಿ 102ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದಾರೆ, ಮೈಸೂರಿನ ದೀಪದ ಹೆಣ್ಣಿನ ಚಿತ್ರಕ್ಕೆ ನಿಂತವರು ಅವರೇ ಎಂದು. ಹಲ್ದಣಕರ್ ಅವರ ಮಗಳು. ದೀಪಾವಳಿಯ ಹೊತ್ತಿನಲ್ಲಿ ಸೀರೆಯುಟ್ಟು ದೀಪ ಹಿಡಿದ ಮಗಳನ್ನು ಕಂಡು ತಂದೆಗೆ ಈ ಚಿತ್ರ ಹೊಳೆಯಿತಂತೆ. ತಂದೆಗಾಗಿ ಗಂಟೆಗಟ್ಟಲೆ ದೀಪ ಹಿಡಿದು ನಿಂತಿದ್ದರಂತೆ. ಪತ್ರಿಕೆ ಹಿಡಿದು ನಾನು ಬಹಳ ಹೊತ್ತು ಕೂತಿದ್ದೆ. ನಾವೆಲ್ಲ ಕತ್ತಲ ಕೋಣೆಯಲ್ಲಿ ರವಿವರ್ಮ, ರವಿವರ್ಮ ಎಂದು ಪಿಸುಗುಟ್ಟುತ್ತಿದ್ದ ಅಷ್ಟೂ ವರ್ಷ ಅವರು ಕೊಲ್ಹಾಪುರದಲ್ಲಿ ಬದುಕಿದ್ದರು! ಸಂಸಾರ ನಡೆಸಿ, ಕೂದಲು ನೆರೆದು, ನೂರು ದಾಟಿ. ಹುಡುಕಿ ಹೋಗಿದ್ದರೆ ಸಿಗುತ್ತಿದ್ದರು. ಚಿತ್ರದೊಳಗಿನವಳು ಮಾತ್ರ ಅಂದಿನ ವಯಸ್ಸಿಗೇ ನಿಂತುಬಿಟ್ಟಿದ್ದಾಳೆ.

ನನ್ನ ಅಮ್ಮ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಅವಳದೊಂದು ಒಳ್ಳೆಯ ಚಿತ್ರ ನಮ್ಮಲ್ಲಿಲ್ಲ. ಮದುವೆ ಮುಂಜಿಗಳ ಗುಂಪಿನ ಫೋಟೋಗಳಲ್ಲಿ ಹಿಂದಿನ ಸಾಲಿನಲ್ಲಿ, ಯಾರದೋ ಭುಜದ ಮರೆಯಲ್ಲಿ ಅರ್ಧ ಮುಖ. ಊಟಕ್ಕೆ ಬಡಿಸುತ್ತಿದ್ದವಳನ್ನು ಕರೆದು ನಿಲ್ಲಿಸಿದ್ದೆಂದು ಕಣ್ಣಿನ ಅವಸರದಿಂದಲೇ ಗೊತ್ತಾಗುತ್ತದೆ. ಪಹಣಿಯಲ್ಲಿ ಅವಳ ಹೆಸರಿಲ್ಲ. ಪಡಿತರ ಚೀಟಿಯಲ್ಲಿ ಎರಡನೆಯ ಸಾಲಿನಲ್ಲಿತ್ತು, ಹೆಂಡತಿ ಎಂಬ ವಿವರಣೆಯ ಜೊತೆ. ಆದ್ದರಿಂದಲೋ ಏನೋ, ಚಿತ್ರ ಬರೆದವರ ಹೆಸರು ತಿದ್ದುವುದಷ್ಟಕ್ಕೇ ನನಗೆ ಸಮಾಧಾನವಿಲ್ಲ. ರವಿವರ್ಮನಲ್ಲ, ಹಲ್ದಣಕರ್ ಎಂದು ತಿಳಿದವರು ಈಗ ಬೇಕಾದಷ್ಟು ಜನ ಇದ್ದಾರೆ. ನಿಂತವಳು ಗೀತಾ ಎಂದೂ ಜೊತೆಯಲ್ಲೇ ಹೇಳಬೇಕು. ಚಿತ್ರಶಾಲೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಉಪಾಧ್ಯಾಯಿನಿಯರಿಗೆ, ಅಮ್ಮಂದಿರಿಗೆ ನನ್ನದೊಂದು ಕೋರಿಕೆ ಇದ್ದರೆ ಇಷ್ಟೇ: ಗಡಿಯಾರ ನೋಡಲಿ, ಅಕ್ಕಿಕಾಳು ನೋಡಲಿ, ಬೇಡವೆನ್ನಬೇಡಿ. ಒಂದು ಚಿತ್ರದ ಮುಂದೆ ಮಾತ್ರ ಸುಮ್ಮನೆ ನಿಲ್ಲಿಸಿ. ಯಾರು ಬರೆದದ್ದು ಎಂದು ಹೇಳುವ ಮುಂಚೆ, ಅಲ್ಲಿರುವವರು ಏನು ಮಾಡುತ್ತಿದ್ದಾರೆ ಎಂದು ಕೇಳಿ.

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮಗಳು ಫೋನು ಮಾಡಿದಳು. ಅವಳ ಕಾಲೇಜಿನಲ್ಲೂ ಅಂಥದೇ ಕೆಲಸ ಕೊಟ್ಟಿದ್ದರು, ಒಂದು ಚಿತ್ರ ನೋಡಿ ಬರೆಯಿರಿ ಎಂದು. "ದೊಡ್ಡಮ್ಮ, ದೀಪದ ಲೇಡಿ ಬಗ್ಗೆ ನಿಮಗೆ ಎಲ್ಲ ಗೊತ್ತಂತಲ್ಲ, ಹೇಳಿ, ಬರಕೋತೀನಿ" ಎಂದಳು. ಬಾಯಿ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಕೈ, ನೀರುಬಣ್ಣ, ಕೊಲ್ಹಾಪುರ ಏನನ್ನೂ ಹೇಳಲಿಲ್ಲ. "ಮೊದಲು ಹೋಗಿ ಕಾಲು ಗಂಟೆ ನಿಂತು ನೋಡಿ ಬಾ, ಆಮೇಲೆ ಮಾತಾಡೋಣ" ಎಂದೆ. ಅವಳಿಗೆ ಸಿಟ್ಟು ಬಂದಿರಬೇಕು, ಟಪ್ಪೆಂದು ಫೋನು ಇಟ್ಟಳು.

ಎರಡು ದಿನ ಬಿಟ್ಟು ಮತ್ತೆ ಮಾಡಿದಳು. ನಿಜವಾಗಿ ನಿಂತಿದ್ದಳಂತೆ. ಹೋಗಿಬಂದ ಮೇಲೆ ಅದು ಚಿತ್ರಕಾರನ ಮಗಳೆಂದು ತಾನೇ ಹುಡುಕಿ ತಿಳಿದುಕೊಂಡಿದ್ದಳು. ನಾನು ಕೈಯ ಮಾತು ಬರುತ್ತದೆಯೋ ಎಂದು ಕಾಯುತ್ತಿದ್ದೆ. ಬಂತು, ಆದರೆ ನಾನು ಎಣಿಸಿದ ಕಡೆಯಿಂದಲ್ಲ.

"ದೊಡ್ಡಮ್ಮ, ನಾನು ಮೊಬೈಲ್ ಹಿಡಕೊಂಡು ಹಾಗೇ ನಿಂತು ನೋಡ್ದೆ, ಐದು ನಿಮಿಷಕ್ಕೇ ಭುಜ ಬಿದ್ದುಹೋಯ್ತು. ಗಂಟೆಗಟ್ಟಲೆ ಹೇಗೆ ನಿಂತಿದ್ರು ಅವರು? ಕೈ ನೋಯುತ್ತೆ ಅಪ್ಪ ಅಂತ ಒಂದ್ಸಲ ಆದ್ರೂ ಹೇಳಿರಲ್ವಾ?"

ಇಷ್ಟು ವರ್ಷ ಆ ಚಿತ್ರದ ಬಗ್ಗೆ ಯೋಚಿಸಿದ ನನಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಅಮ್ಮನನ್ನೂ ನಾನು ಕೇಳಿರಲಿಲ್ಲ. "ಅದನ್ನೇ ಬರೆ" ಎಂದೆ.

ಬರೆದಿದ್ದಾಳೆ. ಎಷ್ಟು ಅಂಕ ಬಂತೋ ಇನ್ನೂ ತಿಳಿಸಿಲ್ಲ.